ಗೋಲ್ ಬಿದ್ದಾಗ ನನಗೆ ಸಿಕ್ಕಿದ್ದು ಮೊಣಕಾಲು

ರೈಲಿನ ಮೇಲಿನ ಬರ್ತ್‌ನಲ್ಲಿ ಆ ರಾತ್ರಿ ನಾನು ಮಲಗಲಿಲ್ಲ, ಲೆನ್ಸ್ ಮಲಗಿತ್ತು. 400 ಎಂಎಂ, ಎಫ್/2.8, ದೂರದ ಆಟವನ್ನು ಹತ್ತಿರ ತರುವಂಥದ್ದು. ತೂಕ ಸುಮಾರು 3 ಕೆಜಿ. ನನ್ನದಲ್ಲ, ಗೆಳೆಯನನ್ನು ಕಾಡಿ ಬೇಡಿ ತಂದದ್ದು. ಅದಕ್ಕೆ ಏನಾದರೂ ಆದರೆ ಅವನಿಗೆ ಯಾವ ಮುಖ ತೋರಿಸೋದು? ಬ್ಯಾಗಿನ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಮೂಲೆಯಲ್ಲಿ ಮುದುಡಿ ಕೂತಿದ್ದೆ. ರೈಲು ತಿರುವಿನಲ್ಲಿ ವಾಲಿದಾಗಲೆಲ್ಲ ಬ್ಯಾಗ್ ಮುಟ್ಟಿ ನೋಡುವುದು, ಮತ್ತೆ ತೂಕಡಿಸುವುದು. ಬೆಳಗಾಯಿತು.

ಅಲ್ಲಿಯವರೆಗೆ ನಾನು ತೆಗೆದಿದ್ದೆಲ್ಲ ಶಾಲೆ, ಕಾಲೇಜಿನ ಫುಟ್‌ಬಾಲ್ ಪಂದ್ಯಗಳು. ಅಲ್ಲಿ ಗೋಲ್‌ಪೋಸ್ಟಿಗೆ ಒರಗಿ ನಿಂತರೂ ಯಾರೂ ಕೇಳುವುದಿಲ್ಲ. ವೃತ್ತಿಪರ ಪಂದ್ಯ ಇದೇ ಮೊದಲು. ಒಂದು ಸಣ್ಣ ಪತ್ರಿಕೆ ಪತ್ರ ಕೊಟ್ಟಿತ್ತು, ಆ ಪತ್ರ ನೋಡಿ ಕ್ರೀಡಾಂಗಣದವರು ಪಾಸ್ ಕೊಟ್ಟಿದ್ದರು. ಪಂದ್ಯ ಸಂಜೆಗೆ. ನಾನು ಮಧ್ಯಾಹ್ನವೇ ಗೇಟಿನ ಮುಂದೆ ಹಾಜರ್! ಕಾವಲಿನವನು ಪಾಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇನ್ನೂ ಹುಲ್ಲಿಗೆ ಗೆರೆ ಎಳೀತಿದಾರೆ ಸರ್" ಅಂದ. ನಿಜವಾಗಿಯೂ ಎಳೆಯುತ್ತಿದ್ದರು.

ಖಾಲಿ ಕ್ರೀಡಾಂಗಣದಲ್ಲಿ ಒಬ್ಬನೇ ಕೂತಿದ್ದೇ ಆ ಪ್ರವಾಸದ ಅತ್ಯಂತ ಸುಖದ ಹೊತ್ತು. ಟಿವಿಯಲ್ಲಿ ಮೈದಾನ ಅಂಗೈ ಅಗಲ ಕಾಣುತ್ತದೆ. ಎದುರಿಗೆ ಕೂತು ನೋಡಿದರೆ ಎದೆ ಝಲ್ಲೆನ್ನುತ್ತದೆ. 105 ಮೀಟರ್ ಉದ್ದ, 68 ಮೀಟರ್ ಅಗಲ. ಈ ಗೋಲಿನ ಹಿಂದೆ ಕೂತವನಿಗೆ ಆ ಗೋಲು ಬೇರೆ ಊರಿದ್ದ ಹಾಗೆ. ಅದಕ್ಕೇ ಎಲ್ಲಿ ಕೂರಬೇಕು ಅನ್ನುವುದು ದೊಡ್ಡ ಪ್ರಶ್ನೆ. ಆಟ ನಡೆಯುವಾಗ ನಮಗೆ ಓಡಾಡಲು ಬಿಡುವುದಿಲ್ಲ. ನಂಬರ್ ಹಾಕಿದ ಜಾಕೆಟ್ ತೊಟ್ಟು, ಜಾಹೀರಾತು ಫಲಕಗಳ ಹಿಂದೆ ಪುಟ್ಟ ಸ್ಟೂಲಿನ ಮೇಲೆ ಕೂತುಬಿಡಬೇಕು. ಯಾವ ತಂಡ ಗೋಲ್ ಹೊಡೆಯಬಹುದು ಅನಿಸುತ್ತದೋ ಆ ತಂಡ ನುಗ್ಗಿ ಬರುವ ಕಡೆ ಕೂತರೆ ಆಟಗಾರರ ಮುಖ ಸಿಗುತ್ತದೆ. ಇನ್ನೊಂದು ಕಡೆ ಕೂತರೆ ಬೆನ್ನು.

ಜಾಗದ ಮಾತು ಬಂದರೆ ನನಗೆ ನೆನಪಾಗುವುದು 1965ರ ಆ ಬಾಕ್ಸಿಂಗ್ ಫೋಟೋ. ಕೆಳಗೆ ಬಿದ್ದ ಸನ್ನಿ ಲಿಸ್ಟನ್ ಮೇಲೆ ಮುಹಮ್ಮದ್ ಅಲಿ ಕೈ ಮಡಚಿ ಅಬ್ಬರಿಸುತ್ತಿರುವುದು. ತೆಗೆದವನು ನೀಲ್ ಲೈಫರ್, ಆಗ ಅವನಿಗೆ 22 ವರ್ಷ. ಚಿತ್ರವನ್ನು ಸರಿಯಾಗಿ ನೋಡಿ, ಅಲಿಯ ಕಾಲುಗಳ ಸಂದಿನಲ್ಲಿ ಇನ್ನೊಬ್ಬ ಫೋಟೋಗ್ರಾಫರ್ ಕಾಣುತ್ತಾನೆ. ಅವನು ಹರ್ಬ್ ಶಾರ್ಫ್‌ಮನ್, ಅನುಭವಿ. ಪಾಪ, ರಿಂಗಿನ ಆ ಬದಿಯಲ್ಲಿ ಕೂತಿದ್ದ. ಅವನಿಗೆ ಅಲಿಯ ಬೆನ್ನು ಸಿಕ್ಕಿತು, ಹುಡುಗನಿಗೆ ಮುಖ.

ಸಂಜೆ ಹೊತ್ತಿಗೆ ಉಳಿದವರು ಬಂದರು. ಪಕ್ಕದಲ್ಲಿ ಕೂತವರಿಗೆ ಅರವತ್ತರ ಹತ್ತಿರ ಇರಬೇಕು. ಕ್ಯಾಮೆರಾದ ಬಣ್ಣ ಸವೆದು ಅಂಚಿನಲ್ಲಿ ಲೋಹ ಕಾಣುತ್ತಿತ್ತು. ನಾನು ಮಾನೋಪಾಡನ್ನು, ಅಂದರೆ ಒಂಟಿ ಕಾಲಿನ ಸ್ಟ್ಯಾಂಡನ್ನು, ಲೆನ್ಸಿನ ಪಟ್ಟಿಗೆ ತಿರುಗಿಸುತ್ತಾ ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಮೊದಲನೇ ಸಲಾನಾ?"

"ಹೌದು ಸರ್. ಗೊತ್ತಾಗುತ್ತಾ?"

"ಶಟರ್ ಎಷ್ಟಿಟ್ಟಿದ್ದೀರಿ?"

"500 ಸರ್."

"ಸಾಲಲ್ಲ. 1000 ಇಡಿ. ಇಲ್ಲಾಂದ್ರೆ ಕಾಲೂ ಚೆಂಡೂ ಕಲಸಿಹೋಗುತ್ತೆ."

ಸೆಕೆಂಡಿನ 1000ನೇ ಒಂದು ಭಾಗ ಅಂದರೆ ಒಳಗೆ ಬರುವ ಬೆಳಕು ತೀರಾ ಕಡಿಮೆ. ಫ್ಲ್ಯಾಷ್ ಹಾಕುವ ಹಾಗಿಲ್ಲ. ಕಡಿಮೆ ಬೆಳಕಿನಲ್ಲೂ ಚಿತ್ರ ಬೆಳಗಿಸುವ ಐಎಸ್‌ಒ ಅನ್ನು 3200ಕ್ಕೆ ಏರಿಸಿದೆ. ಆಮೇಲೆ ಹೊಸ ತಲೆನೋವು. ಒಂದೇ ಜಾಗದಲ್ಲಿ, ಒಂದೇ ಉಸಿರಿನಲ್ಲಿ ತೆಗೆದ ಐದು ಚಿತ್ರಗಳಲ್ಲಿ ಎರಡು ಬೆಳ್ಳಗೆ, ಮೂರು ಮಬ್ಬು ಹಳದಿ. ಕ್ಯಾಮೆರಾ ಕೆಟ್ಟಿತು ಅಂತ ಬೆವೆತೆ. ಅವರು ಮೇಲೆ ಕೈ ತೋರಿಸಿದರು. ಅಲ್ಲಿಯ ದೀಪಗಳು ಹಳೇ ಕಾಲದವು. ಕರೆಂಟು 50 ಹರ್ಟ್ಸ್ ಆದರೆ ಇಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಕಾಣದು, ಶಟರಿಗೆ ಕಾಣುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಇದಕ್ಕೊಂದು ಆಯ್ಕೆ ಇತ್ತು. ಅವರು ಹೇಳುವವರೆಗೆ ನಾನು ಆ ಪುಟವನ್ನೇ ತೆರೆದಿರಲಿಲ್ಲ.

ಟಾಸ್‌ನಲ್ಲಿ ನನ್ನ ಗ್ರಹಚಾರ ಶುರುವಾಯಿತು. ಇಬ್ಬರು ನಾಯಕರು, ನಡುವೆ ರೆಫರಿ, ಗಾಳಿಯಲ್ಲಿ ನಾಣ್ಯ. ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಅಂದರೆ, ತಲೆ ಬಗ್ಗಿಸಿ ಪರದೆಯಲ್ಲಿ ಅದನ್ನೇ ದೊಡ್ಡದು ಮಾಡಿ ನೋಡುತ್ತಾ ಕೂತುಬಿಟ್ಟೆ. ತಲೆ ಎತ್ತಿದಾಗ ಪಕ್ಕ ಯಾರೂ ಇರಲಿಲ್ಲ. ಟಾಸ್ ಗೆದ್ದ ನಾಯಕ ಬದಿ ಬದಲಿಸಿದ್ದ! ಎರಡೂ ತಂಡಗಳು ಅದಲುಬದಲಾಗಿದ್ದವು. ಫೋಟೋಗ್ರಾಫರ್‌ಗಳೆಲ್ಲ ಸ್ಟೂಲ್ ಎತ್ತಿಕೊಂಡು ಮೈದಾನದ ಅಂಚಿನಲ್ಲಿ ಆ ಕಡೆಗೆ ದೌಡಾಯಿಸುತ್ತಿದ್ದರು. ನಮ್ಮ ಹಿರಿಯರೇ ಎಲ್ಲರಿಗಿಂತ ಮುಂದೆ. ನಾನು 3 ಕೆಜಿ ಲೆನ್ಸು ಎತ್ತುವಷ್ಟರಲ್ಲಿ ಸೀಟಿ ಊದಿತು. "ಅಲ್ಲೇ ಕೂತ್ಕೊಳ್ಳಿ" ಅಂತ ಸಿಬ್ಬಂದಿ ಕೈ ಅಡ್ಡ ಹಿಡಿದರು.

ಮೊದಲ 45 ನಿಮಿಷದ ಬಗ್ಗೆ ಹೇಳಲು ಏನಿಲ್ಲ. 100 ಮೀಟರ್ ಆಚೆ ಇರುವೆಗಳು ಆಡಿದವು.

ವಿರಾಮದಲ್ಲಿ ತಂಡಗಳು ಮತ್ತೆ ಬದಿ ಬದಲಿಸುತ್ತವಲ್ಲ, ಆಗ ನನ್ನ ತಲೆಗೆ ಹೊಳೆಯಿತು. ಈಗ ಆಟ ನನ್ನ ಕಡೆಗೇ ಬರುತ್ತದೆ. ಉಳಿದವರು ಓಡಿ ಬರುವಷ್ಟರಲ್ಲಿ ಗೋಲ್‌ಪೋಸ್ಟಿನ ಮಗ್ಗುಲಿನ ಒಳ್ಳೇ ಜಾಗ ನನ್ನದಾಗಿತ್ತು. ಬೀಗುತ್ತಾ ಕೂತೆ. ಎರಡೇ ನಿಮಿಷಕ್ಕೆ ಕಾಲ ಬುಡದಲ್ಲೇ ಹುಲ್ಲಿನೊಳಗಿಂದ ನೀರಿನ ಪೈಪೊಂದು ತಲೆ ಎತ್ತಿ ಸುಯ್ಯೆಂದಿತು. ಚೆಂಡು ಚುರುಕಾಗಿ ಓಡಲಿ ಅಂತ ವಿರಾಮದಲ್ಲಿ ಹುಲ್ಲಿಗೆ ನೀರು ಹೊಡೆಯುತ್ತಾರಂತೆ. ಎಲ್ಲರ ಕ್ಯಾಮೆರಾ ಮೇಲೂ ಪ್ಲಾಸ್ಟಿಕ್ ಹೊದಿಕೆ. ನಾನು ಅಂಗಿ ಬಿಚ್ಚಿ ಲೆನ್ಸಿಗೆ ಸುತ್ತಿದೆ. ಉಳಿದ ಪಂದ್ಯವನ್ನು ಒದ್ದೆ ಬನಿಯನ್ ಮೇಲೆ ಜಾಕೆಟ್ ತೊಟ್ಟು ತೆಗೆದೆ.

71ನೇ ನಿಮಿಷ. ಕಾರ್ನರ್ ಕಿಕ್. ಎತ್ತರದ ಡಿಫೆಂಡರ್ ಒಬ್ಬ ಪೆನಾಲ್ಟಿ ಬಾಕ್ಸಿನೊಳಗೆ ಬಂದು ನಿಂತ. ಅವನ ಮೇಲೆ ಫೋಕಸ್ ಕೂರಿಸಿದೆ. ಚೆಂಡು ಬಂತು, ಅವನು ನನ್ನ ಕಡೆಗೇ ಓಡಿಬಂದು ಹಾರಿದ, ನಾನು ಬಟನ್ ಒತ್ತಿ ಹಿಡಿದೆ. ಕ್ರೀಡಾಂಗಣ ಸಿಡಿದ ಹಾಗೆ ಗದ್ದಲ. ಗೋಲ್! ಎಂಟು ಮೀಟರ್ ದೂರದಲ್ಲಿ, ನನ್ನ ಕಣ್ಣೆದುರಿಗೆ.

ಲೆಕ್ಕ ಆಮೇಲೆ ಹಾಕಿದೆ. ಎಂಟು ಮೀಟರ್ ದೂರದಲ್ಲಿ 400 ಎಂಎಂ ಲೆನ್ಸಿಗೆ ಮುಕ್ಕಾಲು ಮೀಟರ್ ಅಗಲವೂ ಹಿಡಿಸುವುದಿಲ್ಲ. ಹತ್ತಿರದ ಆಟಕ್ಕೆಂದೇ ತಂದಿದ್ದ ಎರಡನೇ ಕ್ಯಾಮೆರಾ, 70-200 ಲೆನ್ಸಿನ ಸಮೇತ, ತೊಡೆಯ ಪಕ್ಕ ಹುಲ್ಲಿನ ಮೇಲೆ ತಣ್ಣಗೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಬೇಕು ಅನ್ನುವ ಯೋಚನೆಯೇ ಬರಲಿಲ್ಲ. ಒಟ್ಟು ಹದಿನಾಲ್ಕು ಚಿತ್ರ. ಆರರಲ್ಲಿ ಅವನ ಜೆರ್ಸಿಯ ಬಟ್ಟೆ. ಏಳರಲ್ಲಿ ಬರೀ ಬಲೆ. ಒಂದರಲ್ಲಿ ಮೊಣಕಾಲು. ಆಹಾ, ಆ ಮೊಣಕಾಲು! ಎಷ್ಟು ಸ್ಪಷ್ಟ ಅಂದರೆ, ಹಳೇ ಗಾಯದ ಹೊಲಿಗೆ ಗುರುತನ್ನು ಎಣಿಸಬಹುದು. ಮೇಲೆ ಒದ್ದೆ ಹುಲ್ಲಿನ ಎಸಳೊಂದು ಅಂಟಿತ್ತು, ಅದರ ತುದಿಯಲ್ಲಿ ಹನಿ.

ಹೊಡೆದವನಾದರೂ ನಮ್ಮ ಕಡೆ ಓಡಿಬರುತ್ತಾನೆ ಅಂದುಕೊಂಡರೆ, ಆ ತುದಿಯ ಅಭಿಮಾನಿಗಳ ಕಡೆಗೆ ಓಡಿಹೋದ. ನನಗೆ ಬೆನ್ನು. ಶಾರ್ಫ್‌ಮನ್ ನೆನಪಾದ.

ಹಿರಿಯರು ಬಗ್ಗಿ ನನ್ನ ಪರದೆ ನೋಡಿದರು. ತುಂಬಾ ಹೊತ್ತು ನೋಡಿದರು.

"ಹೆಡರ್ ಅಲ್ವಾ ಅದು? ತಲೆಯಿಂದ ಹೊಡೆದದ್ದು?"

"ಹೌದು ಸರ್."

"ಸರಿ ಹೋಯ್ತು" ಅಂದು ನಗು ತಡೆಯಲು ಕೆಮ್ಮಿದರು. ಆಮೇಲೆ, "ಸ್ಕೋರ್‌ಬೋರ್ಡ್ ಒಂದು ತಕ್ಕೊಳ್ಳಿ, ಆಮೇಲೆ ಶೀರ್ಷಿಕೆ ಬರೆಯುವಾಗ ನಿಮಿಷ ನೆನಪಿರಲ್ಲ" ಅಂದರು. ಆ ಅಭ್ಯಾಸವನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಪಂದ್ಯ ಮುಗಿದ ಮೇಲೆ ಮಾಧ್ಯಮದವರ ಕೋಣೆಯಲ್ಲಿ ಕೂತು ಚಿತ್ರ ಆರಿಸಿದೆ. 1400ಕ್ಕೆ 12 ಉಳಿದವು. ಪ್ರತಿಯೊಂದಕ್ಕೂ ಆಟಗಾರನ ಹೆಸರು, ಎದುರಾಳಿ, ನಿಮಿಷ ಬರೆದು ಕಳಿಸಬೇಕು. ತಂಡದ ಪಟ್ಟಿ ಮುಂದಿಟ್ಟುಕೊಂಡು ಜೆರ್ಸಿ ನಂಬರ್ ಹೊಂದಿಸುತ್ತಾ ಹೋದೆ. ತಮಾಷೆಗೆ ಮೊಣಕಾಲನ್ನೂ ಸೇರಿಸೋಣ ಅನಿಸಿತು. ಧೈರ್ಯ ಬರಲಿಲ್ಲ.

ವಾಪಸು ರೈಲಿನಲ್ಲಿ ಎದುರು ಸೀಟಿನ ಹುಡುಗ ಕುತ್ತಿಗೆಯಲ್ಲಿದ್ದ ಪಾಸ್ ನೋಡಿ ಹಿಗ್ಗಿಹೋದ. "ಅಣ್ಣಾ, ಮ್ಯಾಚಿಗೆ ಹೋಗಿದ್ರಾ? ಗೋಲ್ ಹೇಗಿತ್ತು?"

ಏನು ಹೇಳಲಿ? ನಾನು ನೋಡಿರಲಿಲ್ಲ. ಕೊನೆಗೆ ಅವನೇ ತನ್ನ ಫೋನಿನಲ್ಲಿ ನನಗೆ ಗೋಲ್ ತೋರಿಸಿದ. ಮೂರು ಸಲ ನೋಡಿದೆ. ಮೂರನೇ ಸಲ ಬಲೆಯ ಹಿಂದೆ, ಮೂಲೆಯಲ್ಲಿ, ದೊಡ್ಡ ಲೆನ್ಸಿನ ಹಿಂದೆ ಮುಖ ಮುಚ್ಚಿಕೊಂಡು ಕೂತ ಬನಿಯನ್ ಆಸಾಮಿಯೊಬ್ಬ ಕಂಡ. ಹುಡುಗನಿಗೆ ಹೇಳಲಿಲ್ಲ.

ಮಾರನೇ ದಿನ ಪತ್ರಿಕೆಯಲ್ಲಿ ಒಂದು ಚಿತ್ರ ಬಂದಿತ್ತು, ಎರಡು ಕಾಲಂ ಅಗಲ. ಟಾಸ್‌ನದ್ದು.