ಏರಿಗೆ ಬಸ್ಸು, ಇಳಿತಕ್ಕೆ ಸೈಕಲ್ಲು: ಮುಳ್ಳೇರಿಯದಿಂದ ಕುಂಬಳೆಗೆ

ಕೇರಳದ 44 ನದಿಗಳ ಪೈಕಿ 12 ಕಾಸರಗೋಡು ಜಿಲ್ಲೆಯಲ್ಲಿವೆ ಎಂಬುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನನ್ನ ಮೊಣಕಾಲುಗಳಿಗೆ ತಿಳಿದದ್ದು ಸೈಕಲ್ಲು ಕೊಂಡ ಮೇಲೆ. ಪ್ರತಿಯೊಂದು ಹೊಳೆಯೂ ಅದಕ್ಕೆ ಸೇರುವ ತೋಡುಗಳೂ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಗುಡ್ಡೆಗಳನ್ನು ಕೊರೆದುಕೊಂಡೇ ಪಶ್ಚಿಮಕ್ಕೆ ಹರಿಯುವುದರಿಂದ, ಇಲ್ಲಿನ ಒಳರಸ್ತೆಗಳು ಬೈಲಿಗಿಳಿದು ಗುಡ್ಡೆ ಹತ್ತದೆ ಎಲ್ಲಿಗೂ ತಲಪುವುದಿಲ್ಲ. ಕಡಲತೀರದಿಂದ ಮೂಡಣಕ್ಕೆ ಹೊರಟವನಿಗಂತೂ ಒಟ್ಟು ಲೆಕ್ಕದಲ್ಲಿ ಚಡಾವೇ ಹೆಚ್ಚು. ಆದ್ದರಿಂದ ಕಳೆದ ಡಿಸೆಂಬರಿನ ಒಂದು ದಿನ, ಹತ್ತುವ ಕೆಲಸವನ್ನು ಬಸ್ಸಿಗೆ ಒಪ್ಪಿಸಿ ಇಳಿಯುವುದನ್ನು ನನಗಿರಿಸಿಕೊಂಡೆ: ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಬಸ್ಸು, ಅಲ್ಲಿಂದ ಬದಿಯಡ್ಕದ ಮೂಲಕ ಕುಂಬಳೆಗೆ ಸುಮಾರು 30 ಕಿಲೋಮೀಟರ್ ಸೈಕಲ್ಲು, ಕುಂಬಳೆಯಿಂದ ಮರಳಿ ಬಸ್ಸು.

ಬೆಂಗಳೂರಿನ ಕೆಲವು ಬಿಎಂಟಿಸಿ ಬಸ್ಸುಗಳ ಮೂತಿಗೆ ಸೈಕಲ್ಲು ನಿಲ್ಲಿಸುವ ಚೌಕಟ್ಟು ಜೋಡಿಸಿದ್ದುಂಟು. ನಮ್ಮಲ್ಲಿ ಅಂಥದ್ದೇನೂ ಇಲ್ಲವಾದ್ದರಿಂದ ನನ್ನದು 20 ಇಂಚು ಚಕ್ರದ, ನಡುವೆ ಮಡಚುವ ಸೈಕಲ್ಲು. ಮಡಚಿದರೂ ಅದು ಶಾಲಾ ಚೀಲದಷ್ಟು ಚಿಕ್ಕದಾಗುವುದಿಲ್ಲ ಎಂಬುದನ್ನು ಮೊದಲ ಬಸ್ಸಿನ ಕಂಡಕ್ಟರು ಬಾಗಿಲಲ್ಲೇ ತೋರಿಸಿಕೊಟ್ಟರು. ಮಕ್ಕಳು ಶಾಲೆಗೆ ಹೋಗುವ ಹೊತ್ತಿನಲ್ಲಿ ಬಂದದ್ದು ನನ್ನದೇ ತಪ್ಪು. ಒಂಬತ್ತೂವರೆಯ ಬಳಿಕ ಬಂದ ಸುಳ್ಯದ ಕಡೆಯ ಬಸ್ಸಿನಲ್ಲಿ ಹಿಂದಿನ ಸೀಟಿನ ಪಕ್ಕದಲ್ಲಿ ಜಾಗ ದೊರೆಯಿತು; ಸಾಮಾನಿಗೆಂದು ಬೇರೆ ಟಿಕೆಟನ್ನೂ ಕೊಟ್ಟರು. ಆದರೆ ಚೆರ್ಕಳದ ತಿರುವಿನಲ್ಲಿ ಸೈಕಲ್ಲು ವಾಲಿ, ಚೈನಿನ ಎಣ್ಣೆ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರ ಬಿಳಿ ಮುಂಡಿಗೆ ಮೆತ್ತಿತು. ಅವರು ಬೈಯಲಿಲ್ಲ, ಬೋವಿಕ್ಕಾನದಲ್ಲಿ ಇಳಿಯುವವರೆಗೂ ಆ ಕಲೆಯನ್ನು ನೋಡುತ್ತಲೇ ಇದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಮುಳ್ಳೇರಿಯದಲ್ಲಿ ಇಳಿದವನೇ ನಾನು ಮಾಡಿದ ಮೊದಲ ಕೆಲಸ, ಅಂಗಡಿಯಿಂದ ಒಂದು ದಪ್ಪ ಹೊದಿಕೆಯನ್ನೂ ಹಗ್ಗವನ್ನೂ ಕೊಂಡದ್ದು.

ಅಲ್ಲಿಯ ಚಹಾದಂಗಡಿಯಾತ ನಾನು ಸೈಕಲ್ಲನ್ನು ಬಿಡಿಸಿ ತಿರುಪು ಬಿಗಿಯುವುದನ್ನು ಕೊನೆತನಕ ನೋಡಿ, “ಅಲ್ಲ ಮಾರಾಯ್ರೇ, ಬಸ್ಸಿನಲ್ಲಿ ಬಂದವರು ಮತ್ತೆ ತುಳಿಯುವುದು ಯಾಕೆ?” ಎಂದು ಕೇಳಿದರು. ಕುಂಬಳೆಗೂ ಬಸ್ಸು ಇದೆಯೆಂದು ಕಾಳಜಿಯಿಂದಲೇ ತಿಳಿಸಿದರು.

ಈ ರಸ್ತೆಯಲ್ಲಿ ಭೂಪಟಕ್ಕಿಂತ ಊರುಗಳ ಹೆಸರನ್ನು ನಂಬುವುದು ಲೇಸು. ಅಡ್ಕ, ಪದವು ಎಂದಿದ್ದರೆ ಮೇಲಿನ ಸಮತಟ್ಟು, ಅಂದರೆ ಅದಕ್ಕೆ ಮೊದಲೊಂದು ಏರು ಕಾದಿದೆ; ಬೈಲು ಎಂದಿದ್ದರೆ ಇಳಿಜಾರು, ತೋಟದ ತಂಪು, ಮತ್ತು ಅದರಾಚೆ ಪುನಃ ಏರು. ನಾಟೆಕಲ್ಲು ದಾಟಿ ಬದಿಯಡ್ಕ ಸೇರುವವರೆಗೆ ಈ ನಿಘಂಟು ನನಗೆ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಎಲ್ಲವೂ ಇಳಿಜಾರೆಂದು ನಂಬಿ ಹೊರಟಿದ್ದ ನನ್ನ ಲೆಕ್ಕಾಚಾರವೇ ಎರಡು ಕಡೆ ಸುಳ್ಳಾಗಿ, ಸೈಕಲ್ಲನ್ನು ತಳ್ಳಿಕೊಂಡು ನಡೆಯಬೇಕಾಯಿತು. ಅಂಥ ಒಂದು ಚಡಾವಿನಲ್ಲಿ ನೀರು ಕೇಳಿದ ಮನೆಯವರು ಹಿತ್ತಲಿನ ಸುರಂಗವನ್ನು ತೋರಿಸಿದರು. ಗುಡ್ಡೆಯ ಒಡಲಿಗೆ ಅಡ್ಡಲಾಗಿ, ಆಳು ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಕೊರೆದ ಮಾಟೆಯದು. ಮುರಕಲ್ಲಿನಿಂದ ಒಸರಿದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹೊರಗೆ ಹರಿದು ತೊಟ್ಟಿಗೆ ಬೀಳುತ್ತದೆ. ನನ್ನನ್ನು ದಣಿಸಿದ ಏರೇ ಅವರ ಅಡಿಕೆ ತೋಟಕ್ಕೆ ನೀರುಣಿಸುತ್ತಿತ್ತು.

ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಊರೆಂಬ ಗೌರವದಿಂದ ಬದಿಯಡ್ಕದಲ್ಲಿ ತುಸು ನಿಂತೆ. ಈ ನೆಲವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಅವರು ಹೋರಾಡಿದ್ದರು. ಇಂದು ಎದುರಾದ ಬಸ್ಸುಗಳ ಫಲಕಗಳಲ್ಲಿ ಮಲಯಾಳದ ಪಕ್ಕಕ್ಕೆ ಕನ್ನಡವಿದೆಯೇ ಎಂದು ನನ್ನ ಕಣ್ಣು ಹುಡುಕಿತು. ಕೆಲವದರಲ್ಲಿತ್ತು.

ನೀರ್ಚಾಲು ಕಳೆದು ಸೀತಾಂಗೋಳಿಯಿಂದ ಮುಂದಕ್ಕೆ ಗಾಳಿಯಲ್ಲಿ ಕಡಲಿನ ತೇವ ಬೆರೆಯುತ್ತದೆ. ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕುಳಿತರೂ ಸೈಕಲ್ಲು ಓಡುವ ಆ ಕೆಲವು ನಿಮಿಷಗಳಿಗಾಗಿಯೇ ಈ ಏರ್ಪಾಟೆಲ್ಲ. ಸಣ್ಣ ಚಕ್ರಕ್ಕೆ ರಸ್ತೆಯ ಗುಂಡಿ ದೊಡ್ಡದಾಗಿಯೇ ತಾಗುವುದರಿಂದ ಬ್ರೇಕಿನಿಂದ ಬೆರಳು ತೆಗೆಯಲಿಲ್ಲವೆನ್ನುವುದೂ ನಿಜ. ಮುಖ್ಯರಸ್ತೆಯಿಂದ ಒಳಗಿರುವ ಅನಂತಪುರದ ಸರೋವರ ದೇವಸ್ಥಾನಕ್ಕೆ ಹೋದೆ. ನೈವೇದ್ಯದ ಅನ್ನವುಣ್ಣುವುದೆಂದು ಹೆಸರಾಗಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಅದೇ ಕೊಳದಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು. ನನಗೆ ಕಂಡದ್ದು ಮೀನುಗಳು ಮಾತ್ರ.

ಕುಂಬಳೆಯಿಂದ ಕಾಸರಗೋಡಿಗೆ ದೂರ ಅಲ್ಪವೇ. ಆದರೆ ಆರು ಪಥದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ಮಗ್ಗುಲಲ್ಲಿ ಸೈಕಲ್ಲು ತುಳಿಯುವುದು ಶೌರ್ಯವೆಂದು ನನಗೆ ತೋರುವುದಿಲ್ಲ. ಸೈಕಲ್ಲನ್ನು ಮಡಚಿ, ಹೊದಿಕೆಯಲ್ಲಿ ಸುತ್ತಿ, ಹಗ್ಗ ಬಿಗಿದು ನಿಲ್ದಾಣದಲ್ಲಿ ನಿಂತೆ. ಮಲಯಾಳದಲ್ಲಿ ‘ಕಿಳಿ’, ಅಂದರೆ ಹಕ್ಕಿ ಎಂದು ಕರೆಸಿಕೊಳ್ಳುವ ಬಾಗಿಲಿನ ಹುಡುಗ ಈ ಬಾರಿ ಒಂದು ಮಾತೂ ಆಡದೆ ಗಂಟನ್ನು ಒಳಗೆಳೆದುಕೊಂಡ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಡಿಸೆಂಬರು ಯಕ್ಷಗಾನ ಮೇಳಗಳು ಊರೂರು ತಿರುಗಿ ಆಟ ಆಡುವ ಕಾಲ. ಎದುರಿನ ಸೀಟಿನಲ್ಲಿದ್ದ ಅಜ್ಜ ಗಂಟಿನೊಳಗಿನ ಎರಡು ದುಂಡನೆಯ ಆಕಾರಗಳನ್ನು ಕಣ್ಣಲ್ಲೇ ಅಳೆದು, ಚೆಂಡೆ ಮದ್ದಳೆಗಳೆಂದೇ ತೀರ್ಮಾನಿಸಿ, “ಇವತ್ತು ಆಟ ಎಲ್ಲಿ?” ಎಂದು ವಿಚಾರಿಸಿದರು. ನಾನು ಹೊದಿಕೆಯ ಅಂಚನ್ನು ಸರಿಸಿ ಪೆಡಲನ್ನು ತೋರಿಸಬೇಕಾಯಿತು.