ವೇಷ ಇಲ್ಲದ ಮಮ್ಮುಟ್ಟಿ

ಹೋದ ಭಾನುವಾರ ಬೆಳಿಗ್ಗೆ ಅಮ್ಮ ಮಲ್ಲಿಗೆ ಕಟ್ಟುತ್ತಾ ಕೂತಿದ್ದಳು. ನಮ್ಮದು ಉಡುಪಿಯ ಶಂಕರಪುರದ ಹತ್ತಿರ, ಅಂಗಳದಲ್ಲಿ ಹದಿನೈದು ಗಿಡ ಇದೆ. ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅವಳ ಕೈ ತಾನಾಗೇ ಓಡುತ್ತದೆ, ಕಣ್ಣಿಗೆ ಮಾತ್ರ ಏನಾದರೂ ಬೇಕು. "ಮಮ್ಮುಟ್ಟಿದು ಯಾವುದಾದ್ರೂ ಹಾಕು ಮಾರಾಯ" ಅಂದಳು. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆ 'ಕಾದಲ್' ಹಾಕಿದೆ. ಬೇಕಂತಲೇ. ನನ್ನ ವಿಷಯ ಅವಳಿಗೆ ಇನ್ನೂ ಹೇಳಿಲ್ಲ.

ಈ ಮಾತು ಎತ್ತಿದರೆ ಸಾಕು, "ಯಕ್ಷಗಾನದಲ್ಲಿ ಗಂಡಸರೇ ಸ್ತ್ರೀವೇಷ ಮಾಡುದಿಲ್ವಾ, ನಮಗೇನು ಹೊಸತಾ" ಅನ್ನುವವರು ನಮ್ಮ ಕಡೆ ಜಾಸ್ತಿ. ಈ ಸಮಾಧಾನ ನನಗೆ ಹಿಡಿಸುವುದಿಲ್ಲ. ಸಣ್ಣವನಿದ್ದಾಗ ಅಜ್ಜನ ಜೊತೆ ಆಟಕ್ಕೆ ಹೋದರೆ ವೇಷ ಕಟ್ಟುವ ಚೌಕಿಗೆ ನುಗ್ಗುತ್ತಿದ್ದೆ. ರಾತ್ರಿಯಿಡೀ ದಮಯಂತಿಯಾಗಿ ಊರನ್ನೇ ಅಳಿಸಿದವರು, ಬೆಳಗಾಗುವಾಗ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ಲುಂಗಿ ಸುತ್ತಿ ಬೀಡಿ ಹಚ್ಚುತ್ತಿದ್ದರು. ಬೆಳಿಗ್ಗೆ ಕಳಚುತ್ತಾರೆ ಅಂತ ಗೊತ್ತಿರುವುದಕ್ಕೇ ಜನರಿಗೆ ಆ ವೇಷ ಇಷ್ಟ. ನನ್ನದು ಕಳಚಲು ಬರುವುದಿಲ್ಲ.

ಸಿನಿಮಾದಲ್ಲೂ ಹೀಗೇ. 'ನಾನು ಅವನಲ್ಲ... ಅವಳು' ನನಗೆ ತುಂಬಾ ಇಷ್ಟ. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಸರಿಯೇ. ಆದರೆ ಎಲ್ಲರೂ ಹೊಗಳಿದ್ದು ಎಷ್ಟು ಚೆನ್ನಾಗಿ ಹೆಣ್ಣಾದ ಅಂತ. ಆ ಬದುಕು ಲಿವಿಂಗ್ ಸ್ಮೈಲ್ ವಿದ್ಯಾ ಎಂಬ ಟ್ರಾನ್ಸ್ ಮಹಿಳೆಯದು, ಸಿನಿಮಾ ಅವರ ಆತ್ಮಕಥೆಯಿಂದ ಬಂದದ್ದು. ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

2023ರ 'ಕಾದಲ್'ನಲ್ಲಿ ವೇಷವೇ ಇಲ್ಲ. ಜಿಯೋ ಬೇಬಿ ನಿರ್ದೇಶಿಸಿದ ಮಲಯಾಳಂ ಸಿನಿಮಾ. ಮಮ್ಮುಟ್ಟಿಯ ಮ್ಯಾಥ್ಯೂ ನಮ್ಮ ಸೊಸೈಟಿ ಬ್ಯಾಂಕಿನ ಮಾಮನ ಹಾಗೇ ಇದ್ದಾನೆ. ಪಂಚಾಯತ್ ಚುನಾವಣೆಗೆ ನಿಂತಿರುವಾಗಲೇ ಹೆಂಡತಿ ಓಮನಾ ಡೈವೋರ್ಸ್ ಕೇಳುತ್ತಾಳೆ. ಪಬ್ಬಿಲ್ಲ, ಮುಂಬೈ ಇಲ್ಲ. ಇಗರ್ಜಿ, ಕೋರ್ಟು, ಊಟದ ಮೇಜು, ಅಷ್ಟೇ. ಎಲ್ಲರಿಗೂ ಎಲ್ಲವೂ ಗೊತ್ತಿರುವ, ಯಾರೂ ಬಾಯಿ ಬಿಡದ ಊರು. ನನಗೆ ಗೊತ್ತಿರುವುದೂ ಅಂಥ ಜಾಗವೇ. ಮ್ಯಾಥ್ಯೂ ಮತ್ತು ಅವನು ಪ್ರೀತಿಸುವ, ಡ್ರೈವಿಂಗ್ ಸ್ಕೂಲಿನ ತಂಗನ್ ಒಬ್ಬರಿಗೊಬ್ಬರು ಮಾತಾಡುವುದೇ ಅಪರೂಪ. ಕೆಲವರಿಗೆ ಇದು ಪುಕ್ಕಲುತನ ಅನಿಸಿತು. ನನಗೆ ಮಾತ್ರ ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ನಾನೂ ನನ್ನವನೂ ಪರಿಚಯ ಇಲ್ಲದವರ ಹಾಗೆ ದೂರ ದೂರ ನಿಂತದ್ದು ನೆನಪಾಯಿತು.

ಅಮ್ಮನ ಕೈ ನಿಂತಿತು.

"ಇವ ಆ ಡ್ರೈವಿಂಗ್ ಸ್ಕೂಲಿನವನ ಹತ್ರ ಒಂದು ಮಾತಾದ್ರೂ ಆಡ್ಬಾರ್ದಾ?"

"ಊರವರು ನೋಡ್ತಾರಲ್ಲಮ್ಮ."

"ನೋಡಿದ್ರೆ ಎಂಥ ಆಯ್ತು," ಅಂದಳು. ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಆ ಬಾಳೆ ನಾರು ಸ್ವಲ್ಪ ಒದ್ದೆ ಮಾಡಿ ಕೊಡು."