ಬಾರ್ಜ್ ಪಂದ್ಯದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

ಇಂಗ್ಲೆಂಡಿನ ಥೇಮ್ಸ್ ಅಳಿವೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಹಳೆಯ ಹಾಯಿಬಾರ್ಜ್‌ಗಳ ಪಂದ್ಯಗಳು ನಡೆಯುತ್ತವೆ. ಅವುಗಳಲ್ಲಿ ನಾನು ಆಗಾಗ ಹಗ್ಗ ಹಿಡಿಯುವ ಕೆಲಸಕ್ಕೆ ಹೋಗುತ್ತೇನೆಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಷ್ಟು ದೊಡ್ಡ ದೋಣಿಗಳಿಗೆ ಬ್ರೇಕ್ ಇಲ್ಲ, ಪಂದ್ಯದಲ್ಲಿ ಎಂಜಿನ್ ಹಾಕುವ ಹಾಗಿಲ್ಲ, ನದಿಯೋ ಕಿರಿದು, ಒಂದಕ್ಕೊಂದು ಗುದ್ದುವುದಿಲ್ಲವೇ? ಯಾರು ಯಾರಿಗೆ ದಾರಿ ಬಿಡಬೇಕೆಂದು ತೀರ್ಮಾನಿಸುವುದು ಹೇಗೆ?" ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಹಲವು ಸಲ ಯತ್ನಿಸಿ ಸೋತಿದ್ದೇನೆ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಬಾರ್ಜ್ ಎಂದರೇನೆಂದು ಹೇಳಬೇಕು. ಸುಮಾರು 25 ಮೀಟರ್ ಉದ್ದದ, ಚಪ್ಪಟೆ ತಳದ ಸರಕು ದೋಣಿ ಅದು. ಇಟ್ಟಿಗೆ, ಸಿಮೆಂಟು, ಧಾನ್ಯ, ಹುಲ್ಲು, ಹೀಗೆ ನೂರು ಟನ್ನಿಗೂ ಮಿಕ್ಕಿದ ಹೊರೆಯನ್ನು ಒಬ್ಬ ಸ್ಕಿಪ್ಪರ್ ಮತ್ತು ಒಬ್ಬ ಸಹಾಯಕ ಇಬ್ಬರೇ ಸಾಗಿಸುತ್ತಿದ್ದರು. ಖಾಲಿಯಿದ್ದಾಗ ಸುಮಾರು ಒಂದು ಮೀಟರ್ ನೀರಿದ್ದರೂ ತೇಲುತ್ತದೆ. ಚೂಪಾದ ಅಡಿಮರವಿಲ್ಲದ ಕಾರಣ ಗಾಳಿ ಬೀಸಿದರೆ ಅಡ್ಡಕ್ಕೆ ಜಾರಬೇಕಾದ ಈ ದೋಣಿಯನ್ನು ಎರಡು ಮಗ್ಗುಲಿಗೆ ತೂಗುಬಿಟ್ಟಿರುವ ಬೀಸಣಿಗೆಯಾಕಾರದ ಬೃಹತ್ ಹಲಗೆಗಳು ಹಿಡಿದು ನಿಲ್ಲಿಸುತ್ತವೆ. ಅವನ್ನು ಲೀಬೋರ್ಡ್ ಎನ್ನುತ್ತಾರೆ. ಹಾಯಿ ಒಂದನ್ನೇ ನಂಬಿ ಸರಕು ಸಾಗಿಸಿದ ಕೊನೆಯ ಬಾರ್ಜ್ 1906ರಲ್ಲಿ ಗ್ರೀನ್‌ಹೈತ್‌ನಲ್ಲಿ ಕಟ್ಟಿದ 'ಕೇಂಬ್ರಿಯಾ'. ಅದು ದುಡಿಮೆ ನಿಲ್ಲಿಸಿದ್ದು 1970ರಲ್ಲಿ. ಹಾಗಾಗಿ ಇಂದು ಪಂದ್ಯಕ್ಕಿಳಿಯುವ ಬಾರ್ಜ್‌ಗಳು ಸರಕು ಹೊರುವುದಿಲ್ಲ, ಆದರೆ ಅವುಗಳ ಮೈಕಟ್ಟು ಮಾತ್ರ ಸರಕಿನ ದೋಣಿಯದೇ.

ಯಾರು ದಾರಿ ಬಿಡಬೇಕೆಂಬುದಕ್ಕೆ ಅಡಿಪಾಯ ಸಮುದ್ರದ ಕಾನೂನು. 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಹಾಯಿನೌಕೆಗಳ ಬಗ್ಗೆ ಹೇಳುವುದು ಸರಳವಾಗಿದೆ. ಎಡಮಗ್ಗುಲಿಗೆ ಗಾಳಿ ಪಡೆದಿರುವ ನೌಕೆಯು ಬಲಮಗ್ಗುಲಿಗೆ ಗಾಳಿ ಪಡೆದಿರುವ ನೌಕೆಗೆ ದಾರಿ ಬಿಡಬೇಕು; ಇಬ್ಬರಿಗೂ ಒಂದೇ ಮಗ್ಗುಲಿಂದ ಗಾಳಿ ಬೀಸುತ್ತಿದ್ದರೆ ಗಾಳಿ ಬರುವ ದಿಕ್ಕಿನಲ್ಲಿರುವವನು ಆಚೆಯವನಿಗೆ ದಾರಿ ಬಿಡಬೇಕು; ಹಿಂದಿನಿಂದ ಬಂದು ದಾಟುವವನು ಯಾರೇ ಆಗಿರಲಿ, ದೂರ ಉಳಿಯಬೇಕು. ಪ್ರತಿ ಪಂದ್ಯದ ಸಮಿತಿ ತನ್ನದೇ ಸೂಚನೆಗಳನ್ನು ಕೊಡುತ್ತದೆ, ವಿವರಗಳಲ್ಲಿ ವ್ಯತ್ಯಾಸವಿರುತ್ತದೆ. ಆದರೆ ಈ ಮೂರು ಮಾತು ಬಾಯಿಪಾಠವಿಲ್ಲದವರು ಚುಕ್ಕಾಣಿ ಮುಟ್ಟಬಾರದು.

ನಡುಗಡಲಿನಲ್ಲಿ ಈ ಮೂರೇ ಸಾಕು. ಭರತ ಇಳಿತದ ನದಿಯಲ್ಲಿ ಸಾಲದು, ಏಕೆಂದರೆ ಇಲ್ಲಿ ಗಾಳಿಗಿಂತ ಮೊದಲು ಲೆಕ್ಕಕ್ಕೆ ಬರುವುದು ನೀರು ಮತ್ತು ದಂಡೆ. ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯ ಅಳಿವೆಯ ಬಳಿ. ಇಳಿತದ ಹೊತ್ತಿನಲ್ಲಿ ನಡುಹೊಳೆಯ ಸೆಳೆತಕ್ಕೆ ಎದುರಾಗದೆ ದಡ ಹಿಡಿದೇ ದೋಣಿ ನಡೆಸುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಥೇಮ್ಸ್‌ನಲ್ಲೂ ಲೆಕ್ಕ ಅದೇ. ನೀರು ನಮ್ಮ ಜೊತೆಗೆ ಹರಿಯುತ್ತಿದ್ದರೆ ನಡು ಹೊಳೆ ಲಾಭ, ಎದುರಾಗಿ ಹರಿಯುತ್ತಿದ್ದರೆ ಸೆಳೆತ ಕಡಿಮೆಯಿರುವ ಕೆಸರು ದಂಡೆಯ ಅಂಚು ಲಾಭ. ಹೀಗಾಗಿ ಎದುರು ಸೆಳೆತದಲ್ಲಿ ಪಂದ್ಯದ ಬಾರ್ಜ್‌ಗಳೆಲ್ಲ ಒಂದೇ ದಂಡೆಯ ಕಡೆಗೆ ಒತ್ತಿಕೊಂಡು ಬರುತ್ತವೆ. ಚಪ್ಪಟೆ ತಳದ ಧೈರ್ಯದಿಂದ ಇನ್ನೂ ಹತ್ತು ಮಾರು, ಇನ್ನೂ ಐದು ಮಾರು ಎಂದು ಒಳಗೆ ನುಗ್ಗುತ್ತವೆ. ಇಳಿತದಲ್ಲಿ ತಳ ಕೆಸರಿಗೆ ಕೂತರೆ ಮುಗಿಯಿತು. ನೀರು ಮತ್ತೆ ಏರುವವರೆಗೆ ಗಂಟೆಗಟ್ಟಲೆ ಅಲ್ಲೇ ನಿಂತಿರಬೇಕು.

ಈಗ ಎರಡು ಬಾರ್ಜ್‌ಗಳು ಅಕ್ಕಪಕ್ಕದಲ್ಲಿ, ಗಾಳಿಗೆ ಆದಷ್ಟು ಎದುರಾಗಿ, ದಂಡೆಯ ಕಡೆಗೆ ಸಾಗುತ್ತಿವೆ ಎಂದುಕೊಳ್ಳಿ. ಗಾಳಿಯಿಂದ ಆಚೆಗಿರುವ ಬಾರ್ಜ್ ಮೊದಲು ಕೆಸರಿನ ಅಂಚನ್ನು ಮುಟ್ಟುತ್ತದೆ. ಅದು ಗಾಳಿಯ ಕಡೆಗೆ ಮೂತಿ ತಿರುಗಿಸಿ ಇನ್ನೊಂದು ಮಗ್ಗುಲಿಗೆ ಹೊರಳಬೇಕು, ಆದರೆ ಪಕ್ಕದ ಬಾರ್ಜ್ ಆ ಜಾಗವನ್ನೇ ಮುಚ್ಚಿಕೊಂಡಿದೆ. ಸಮುದ್ರದ ಕಾನೂನಿನಲ್ಲಿ ಈ ಇಕ್ಕಟ್ಟಿಗೆಂದೇ ಬರೆದ ನಿಯಮವಿಲ್ಲ. ಸಂದರ್ಭ ನೋಡಿ ಎಚ್ಚರದಿಂದ ನಡೆದುಕೊಳ್ಳಿ ಎಂಬ ಸಾಮಾನ್ಯ ಹೊಣೆ ಮಾತ್ರ ಇದೆ. ಹಾಯಿಪಂದ್ಯದ ನಿಯಮಗಳು ಈ ಕೊರತೆಯನ್ನು ಒಂದು ಕೂಗಿನಿಂದ ತುಂಬುತ್ತವೆ. ದಂಡೆಗೆ ಸಿಕ್ಕಿಕೊಂಡವನು ಹೊರಳಲು ಜಾಗ ಕೊಡಿ ಎಂದು ಕೂಗಿ ಕೇಳಬಹುದು. ಕೇಳಿಸಿಕೊಂಡವನು ಕೂಡಲೇ ತಾನೂ ಹೊರಳಬೇಕು, ಇಲ್ಲವೇ "ನೀವು ಹೊರಳಿ" ಎಂದು ಉತ್ತರಿಸಿ ಜಾಗ ಬಿಡಬೇಕು. ಕೂಗು ನ್ಯಾಯವಲ್ಲವೆಂದು ಅನಿಸಿದರೂ ಮೊದಲು ಜಾಗ ಕೊಟ್ಟು ಆಮೇಲೆ ದೂರು ಕೊಡಬೇಕು. ನಿಜವಾದ ಅಪಾಯವಿಲ್ಲದೆ ಬರೀ ಲಾಭಕ್ಕಾಗಿ ಕೂಗುವಂತಿಲ್ಲ, ಕೂಗಿದ ಮೇಲೆ ಹೊರಳದೆ ಮುಂದುವರಿಯುವಂತೆಯೂ ಇಲ್ಲ. ನನ್ನ ಮಟ್ಟಿಗೆ ನದಿಯ ಪಂದ್ಯದ ಅತಿ ಮುಖ್ಯ ನಿಯಮ ಇದೇ.

ಈ ನಿಯಮದಲ್ಲಿ ಇನ್ನೊಂದು ಮಾತಿದೆ: ಕೂಗುವವನು ಕೇಳಿಸಿಕೊಳ್ಳುವವನಿಗೆ ಸಾಕಷ್ಟು ಸಮಯ ಕೊಡಬೇಕು. ಸಣ್ಣ ಪಂದ್ಯದೋಣಿಗೆ ಕೆಲವು ಸೆಕೆಂಡುಗಳು ಸಾಕು. ಬಾರ್ಜ್ ಹೊರಳುವುದನ್ನು ಹತ್ತಿರದಿಂದ ನೋಡಿದರೆ ಅದಕ್ಕೆ ಏಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕೆಂದು ಅರ್ಥವಾಗುತ್ತದೆ. ಸ್ಕಿಪ್ಪರ್ ಚಕ್ರವನ್ನು ಮೆಲ್ಲಗೆ ಸುತ್ತುತ್ತಾನೆ. ಹಾಯಿಗಳು ಪಟಪಟ ಬಡಿದುಕೊಳ್ಳುತ್ತವೆ. ದೋಣಿಯ ಮೂತಿ ಗಾಳಿಗೆ ನೇರವಾಗಿ ಬಂದು ಅಲ್ಲೇ ನಿಂತುಬಿಟ್ಟಂತೆ ಕಾಣುತ್ತದೆ. ಆಗ ಮುಂದಿನ ಹಾಯಿಯನ್ನು ಬೌಲೈನ್ ಎಂಬ ತುಂಡು ಹಗ್ಗದಿಂದ ಹಳೆಯ ಮಗ್ಗುಲಿಗೇ ಹಿಡಿದಿಟ್ಟಿರುತ್ತಾರೆ. ಗಾಳಿ ಅದರ ಹಿಂಬದಿಗೆ ಹೊಡೆದು ಮೂತಿಯನ್ನು ಆಚೆಗೆ ತಳ್ಳಬೇಕು, ತಳ್ಳಿದ ಮೇಲಷ್ಟೇ ಹಗ್ಗ ಬಿಡಬೇಕು. ನಾನು ಮೊದಲ ವರ್ಷ ಆ ಹಗ್ಗ ಹಿಡಿದಿದ್ದಾಗ, ಸ್ಕಿಪ್ಪರ್ ಬೇರೆಯವರಿಗೆ ಹೇಳಿದ ಮಾತನ್ನು ನನಗೆಂದು ತಿಳಿದು ಒಂದು ಕ್ಷಣ ಮೊದಲೇ ಬಿಟ್ಟುಬಿಟ್ಟೆ. ಮೂತಿ ಗಾಳಿಯನ್ನು ದಾಟದೆ ಹಿಂದಕ್ಕೆ ಬಿತ್ತು. ದಂಡೆಯ ಬದಿಯ ಲೀಬೋರ್ಡ್ ಕೆಸರಿಗೆ ತಾಗಿ ಮೇಲಕ್ಕೆದ್ದು, ಅದರ ತಂತಿ ಸಡಿಲಾಗಿ ಡೆಕ್ ಮೇಲೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಆಳ ಮುಗಿಯಿತೆಂದು ಬಾರ್ಜ್ ಹೇಳುವ ಎಚ್ಚರಿಕೆಯೇ ಆ ಸದ್ದು. ಪಕ್ಕದ ಬಾರ್ಜ್‌ನವರು ನಮ್ಮ ಮೊದಲ ಕೂಗಿಗೇ ಧಾರಾಳವಾಗಿ ಜಾಗ ಬಿಟ್ಟಿದ್ದರಿಂದ ಎರಡನೆಯ ಪ್ರಯತ್ನಕ್ಕೆ ನಮಗೆ ನೀರು ಉಳಿದಿತ್ತು.

ಆರಂಭದ ಗೆರೆಯಲ್ಲೂ ಸೆಳೆತದ್ದೇ ಕಾಟ. ತೋಪು ಹಾರುವ ಮೊದಲೇ ಗೆರೆ ದಾಟಿದವರು ಹಿಂದಿರುಗಿ ಬಂದು ಮತ್ತೆ ಹೊರಡಬೇಕೆಂಬುದು ಹಾಯಿಪಂದ್ಯಗಳ ಸಾಮಾನ್ಯ ನಿಯಮ. ಹಿಂದಿರುಗುವಾಗ ಎಲ್ಲರಿಗೂ ದಾರಿ ಬಿಡಬೇಕು. ಹಿಂದಿನಿಂದ ಬಲವಾದ ಇಳಿತ ತಳ್ಳುತ್ತಿರುವಾಗ ಹಾಗೆ ಹಿಂದಿರುಗುವುದೆಂದರೆ ಅಂದಿನ ಪಂದ್ಯವನ್ನೇ ಕೈಬಿಟ್ಟಂತೆ.

ಹಡಗುಗಳ ವಿಷಯದಲ್ಲಿ ಚರ್ಚೆಯೇ ಇಲ್ಲ. ಥೇಮ್ಸ್ ಇಂದಿಗೂ ದುಡಿಯುವ ನದಿ. 1886ರಲ್ಲಿ ತೆರೆದ ಟಿಲ್ಬರಿ ಬಂದರು, 2013ರಲ್ಲಿ ತೆರೆದ ಲಂಡನ್ ಗೇಟ್‌ವೇ ಎರಡಕ್ಕೂ ದೊಡ್ಡ ಹಡಗುಗಳು ಬರುತ್ತವೆ. ಆಳದ ಕಾಲುವೆ ಬಿಟ್ಟು ಆಚೀಚೆ ಹೋಗಲಾಗದ ಹಡಗಿಗೆ ಹಾಯಿನೌಕೆ ಅಡ್ಡಿಯಾಗಬಾರದು. ಎಂಜಿನ್ನಿನ ನೌಕೆ ಹಾಯಿನೌಕೆಗೆ ದಾರಿ ಬಿಡಬೇಕೆಂಬ ಜನಪ್ರಿಯ ಮಾತು ಇಲ್ಲಿ ನಡೆಯುವುದಿಲ್ಲ. ಹಡಗು ಐದು ಬಾರಿ ಚಿಕ್ಕದಾಗಿ ಕೂಗಿತೆಂದರೆ ನಿಮ್ಮ ಉದ್ದೇಶ ಅದಕ್ಕೆ ತಿಳಿಯುತ್ತಿಲ್ಲವೆಂದು ಅರ್ಥ; ಆಗ ಪಂದ್ಯವನ್ನು ಮರೆತು ಬದಿಗೆ ಸರಿಯಬೇಕು.

ಇಷ್ಟೆಲ್ಲ ಕಷ್ಟಪಟ್ಟು ಈ ಪಂದ್ಯ ಏಕೆ ಎಂದು ಕೇಳುವವರಿಗೆ 1863ರ ಮಾತು ಹೇಳುತ್ತೇನೆ. ಲಂಡನ್ನಿನ ಕಸ ಸಾಗಿಸಿ ಶ್ರೀಮಂತನಾದ ಹೆನ್ರಿ ಡಾಡ್ ಎಂಬಾತ ಆ ವರ್ಷ ಮೊದಲ ಥೇಮ್ಸ್ ಬಾರ್ಜ್ ಪಂದ್ಯವನ್ನು ಏರ್ಪಡಿಸಿದ. ಬಾರ್ಜ್‌ಗಳು ಸುಧಾರಿಸಬೇಕು, ಅವುಗಳಲ್ಲಿ ದುಡಿಯುವವರಿಗೆ ಮರ್ಯಾದೆ ಸಿಗಬೇಕು ಎಂಬುದು ಅವನ ಆಸೆಯಾಗಿತ್ತು. 1880ರಲ್ಲಿ ಮೆಡ್‌ವೇ ನದಿಯಲ್ಲೂ ಪಂದ್ಯ ಆರಂಭವಾಯಿತು. ದುಡಿಯುವವರ ಕೈಚಳಕವನ್ನು ಎಲ್ಲರೆದುರು ತೂಗಿ ನೋಡುವ ಪಂದ್ಯವಾದ್ದರಿಂದಲೇ ಇದರ ಮೇಲೆ ನನಗೆ ಇಷ್ಟು ಪ್ರೀತಿ.

ಕೊನೆಯದಾಗಿ, ಪಂದ್ಯದ ನಡುವೆ ಬಾರ್ಜ್ ನಿಂತಿದ್ದನ್ನು ಕಂಡು ಅದು ಕೆಟ್ಟುಹೋಗಿದೆ ಎಂದು ದಂಡೆಯಲ್ಲಿ ನಿಂತವರು ಅಂದುಕೊಳ್ಳುವುದುಂಟು. ಗಾಳಿ ಸತ್ತು ನೀರು ಎದುರಾದರೆ ಲಂಗರು ಬಿಡಲು ನಿಯಮದಲ್ಲಿ ಅನುಮತಿಯಿದೆ. ಮುಂದೆ ಹೊರಡುವಾಗ ಅದನ್ನು ಮೇಲೆತ್ತಿಕೊಂಡೇ ಹೋಗಬೇಕು. ಹಾಯಿ ಬಿಚ್ಚಿಕೊಂಡೇ ಇದ್ದವರು ಇಂಚಿಂಚಾಗಿ ಹಿಂದಕ್ಕೆ ಜಾರುತ್ತಿದ್ದರೆ, ಸುಮ್ಮನೆ ನಿಂತವನು ಅವರೆಲ್ಲರನ್ನೂ ದಾಟುತ್ತಾನೆ. ಆದರೆ ತಂಗಾಳಿ ಮತ್ತೆ ನೀರಿನ ಮೇಲೆ ಗೀರು ಎಳೆದ ಗಳಿಗೆಯಲ್ಲಿ, ಕೆಸರು ಮೆತ್ತಿದ ಸರಪಳಿಯನ್ನು ರಾಟೆಗೆ ಸುತ್ತಿ ಎತ್ತುವವರ ತೋಳಿನಲ್ಲಿ ಬಲವಿರಬೇಕು.